ಬರಬೇಕಾಗಿದ್ದ ಪಾರ್ಟು

ಮುಂದಿನ ಚಕ್ರಕ್ಕೂ ಅದರ ಮೇಲಿನ ಕಮಾನಿಗೂ ನಡುವೆ ನಾಲ್ಕು ಬೆರಳು ಜಾಗವಿದ್ದರೆ ಹೊರಡಬಹುದು. ಎರಡೇ ಬೆರಳಿದ್ದರೆ ಎಂಜಿನ್ ಶುರು ಮಾಡಿ, ಗಾಡಿ ತಾನಾಗಿ ಮೇಲೇಳುವವರೆಗೆ ಕಾಯಬೇಕು.

ಮೊನ್ನೆ ಸಂಜೆ ಆಫೀಸಿನ ಪಾರ್ಕಿಂಗಿನಲ್ಲಿ ಯಾರದೋ ದೊಡ್ಡ ಗಾಡಿಯ ಚಕ್ರದ ಮೇಲೆ ಹೀಗೆ ಬೆರಳಿಟ್ಟು ನಿಂತಿದ್ದೆ. ಸೆಕ್ಯುರಿಟಿಯವರು "ಏನ್ ಮೇಡಂ, ಏನಾದ್ರೂ ಬೀಳಿಸ್ಕೊಂಡ್ರಾ?" ಎಂದಾಗಲೇ ನನಗೆ ಎಚ್ಚರವಾದದ್ದು. ಕಂಡವರ ಕಾರು ಸವರುವ ಸ್ವಭಾವ ನನಗಿಲ್ಲ, ನೀವು ನಂಬಬೇಕು. ಇದು ಶಾರದತ್ತೆಯಿಂದ ಅಂಟಿದ ಅಭ್ಯಾಸ.

ಶಾರದತ್ತೆ ನನ್ನ ತಂದೆಯ ಅಕ್ಕ. ಮದುವೆಯಾಗಲಿಲ್ಲ. ಮಾಮೂಲ್‌ಪೇಟೆಯಲ್ಲಿ ದಾರ ಮತ್ತು ರಟ್ಟಿನ ಡಬ್ಬಿಗಳ ನಮ್ಮ ಅಂಗಡಿಯನ್ನು ಮೂವತ್ತು ವರ್ಷ ಒಬ್ಬರೇ ನಡೆಸಿದರು. ಅದನ್ನು ಮುಚ್ಚಿದ ವರ್ಷ, ಇನ್ನು ಇವರು ಶ್ರೀಶೈಲಕ್ಕೋ ಕಾಶಿಗೋ ಹೊರಡುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದಾಗ, ಹದಿನಾಲ್ಕು ವರ್ಷ ಹಳೆಯದಾದ ಒಂದು ಜರ್ಮನ್ ಎಸ್‌ಯುವಿಯನ್ನು ತಂದು ಚಾಮರಾಜಪೇಟೆಯ ಮನೆಯೆದುರಿನ ಹೊಂಗೆ ಮರದ ಕೆಳಗೆ ನಿಲ್ಲಿಸಿದರು.

"ಈ ಗಲ್ಲಿಗೆ ಈ ಆನೆ ಯಾಕಕ್ಕಾ?" ಎಂದರು ಅಪ್ಪ.

"ಮೂವತ್ತು ವರ್ಷ ಪೇಟೆ ಗುಂಪಲ್ಲಿ ಜನರ ಬೆನ್ನೇ ನೋಡ್ಕೊಂಡು ನಡೆದಿದೀನಿ ಕಣೋ. ಇನ್ಮೇಲೆ ಸ್ವಲ್ಪ ಎತ್ತರದಿಂದ ನೋಡ್ತೀನಿ."

ಆ ಎತ್ತರ ಒಂದು ರಾತ್ರಿಯೂ ಉಳಿಯುತ್ತಿರಲಿಲ್ಲ. ಸ್ಪ್ರಿಂಗಿನ ಬದಲು ಗಾಳಿಚೀಲಗಳ ಮೇಲೆ ನಿಲ್ಲುವ ಗಾಡಿ ಅದು. ಚೀಲ ಸೋರಿ, ಬೆಳಗಾಗುವಷ್ಟರಲ್ಲಿ ಮೂತಿ ನೆಲ ಹಿಡಿಯುತ್ತಿತ್ತು. ಅತ್ತೆ ದಿನವೂ ಬಗ್ಗಿ, ಬೆರಳಿಟ್ಟು ಅಳೆಯುತ್ತಿದ್ದರು. ಅಂಗಡಿಯವರ ಶಿಸ್ತು ಎಂದು ನಾನು ಮೆಚ್ಚಿಕೊಂಡಿದ್ದೆ. ದೂರದಿಂದಲೇ ಕಾಣುವುದನ್ನು ಮುಟ್ಟಿ ನೋಡುವುದೇಕೆ ಎಂದು ನನಗೆ ಹೊಳೆಯಲಿಲ್ಲ.

ಹೊಂಗೆ ಹೂ ಉದುರುವಾಗ ಇನ್ನೊಂದು ಕಾಟ. ಚಾವಣಿಯ ಗಾಜಿನ ಸುತ್ತ ನೀರಿಳಿಯಲು ಸಣ್ಣ ಕೊಳವೆಗಳಿವೆ. ಅವುಗಳಲ್ಲಿ ಹೂ ಕಟ್ಟಿಕೊಂಡು, ಮೊದಲ ಮಳೆಗೇ ನೀರು ಒಳಗಿಳಿದು, ಸೀಟಿನಡಿಯ ಎಲೆಕ್ಟ್ರಾನಿಕ್ ಪೆಟ್ಟಿಗೆ ನೆನೆಯಿತು. ಆಮೇಲೆ ಗಾಡಿ ಯಾರ ಮಾತೂ ಕೇಳಲಿಲ್ಲ. ಬಿಸಿಲಲ್ಲಿ ವೈಪರ್ ಆಡುತ್ತಿತ್ತು. ಗಾಂಧಿ ಬಜಾರಿನಲ್ಲಿ ಹಿಂಬಾಗಿಲು ತಾನಾಗಿ ತೆರೆದುಕೊಂಡಾಗ ಸೊಪ್ಪಿನವಳು ಎದ್ದು ಬಂದು, "ಎಷ್ಟ್ ಕಟ್ಟು ಹಾಕ್ಲಿ ಅಕ್ಕಾ?" ಎಂದಳು. ಅತ್ತೆ ಸಂಕೋಚಕ್ಕೆ ಆರು ಕಟ್ಟು ದಂಟು ಕೊಂಡರು.

ಎಚ್ಚರಿಕೆಯ ಹಳದಿ ದೀಪಗಳಂತೂ ಒಂದಾದ ಮೇಲೊಂದು, ಪ್ರತಿಯೊಂದರ ಜೊತೆಗೂ ಇಂಗ್ಲಿಷಿನ ಒಂದು ಸಾಲು. "ಏನಂತೆ ಪುಟ್ಟೀ, ಅದರ ತಕರಾರು?" ಎಂದು ಅತ್ತೆ ರಸ್ತೆ ನೋಡುತ್ತಲೇ ಕೇಳುವರು. ಎಡಗಡೆಯ ಸೀಟಿನಲ್ಲಿ ಕೂತ ನಾನು ಓದಿ, ಕನ್ನಡದಲ್ಲಿ ಹೇಳುವೆ. ನನ್ನ ಎಂ.ಎ. ಪದವಿ ಅಲ್ಲಿ ಉಪಯೋಗಕ್ಕೆ ಬಂದಷ್ಟು ಇನ್ನೆಲ್ಲೂ ಬರಲಿಲ್ಲ. ಹೆಮ್ಮೆಯಿಂದ ಓದುತ್ತಿದ್ದೆ. ಅವರಿಗೆ ಆ ಅಕ್ಷರಗಳು ಕಾಣುತ್ತಲೇ ಇಲ್ಲವೆಂದು ತಿಳಿಯಲು ಒಂದು ವರ್ಷ ಬೇಕಾಯಿತು.

ತಿಳಿದದ್ದು ಹೂವಿನ ಅಂಗಡಿಗಳ ಬಳಿ. ಎಡಕ್ಕೆ ತಿರುಗುವಾಗ, ರಸ್ತೆಯಂಚಿನಲ್ಲಿದ್ದ ಸೇವಂತಿಗೆ ಬುಟ್ಟಿಯ ಮೇಲೆ ಚಕ್ರ ಹತ್ತಿತು. ಹೂವಿನವಳು ಕಾಲೆಳೆದುಕೊಂಡದ್ದರಿಂದ ಉಳಿದಳು.

"ಕಣ್ ಕಾಣ್ಸಲ್ವೇನಮ್ಮಾ ನಿಂಗೆ?" ಎಂದು ಕಿರುಚಿದಳು.

ಈ ಊರಿನ ರಸ್ತೆಯಲ್ಲಿ ದಿನಕ್ಕೆ ಸಾವಿರ ಸಲ ಕೇಳುವ ಬೈಗುಳ. ಅತ್ತೆ ಮಾತ್ರ ಅದನ್ನು ಪ್ರಶ್ನೆಯೆಂಬಂತೆ ಕೇಳಿಸಿಕೊಂಡು, ತಗ್ಗಿದ ದನಿಯಲ್ಲಿ "ಕಾಣ್ಸಲ್ಲಮ್ಮ" ಎಂದರು. ಸುತ್ತಲಿದ್ದವರು ನಕ್ಕರು. ನಾನು ನಗಲಿಲ್ಲ. ಏನೂ ಕೇಳಲೂ ಇಲ್ಲ.

ಮುಂದಿನ ವಾರ ಗಾಡಿ ಗಾಳಿಚೀಲ ಬದಲಿಸಲು ಮಂಜಣ್ಣನವರ ಗ್ಯಾರೇಜಿಗೆ ಹೋಯಿತು. ಬದಲಿಸಿ ಸಿದ್ಧವಾದ ದಿನ ನಾನೊಬ್ಬಳೇ ಅಲ್ಲಿಗೆ ಹೋದೆ. ಪಾರ್ಟ್ ಸಿಗುತ್ತಿಲ್ಲ, ಹೊರದೇಶದಿಂದ ಬರಬೇಕು ಎಂದು ಅತ್ತೆಗೆ ಹೇಳಿಬಿಡಿ ಎಂದು ಕೇಳಿಕೊಂಡೆ. ಕಾರಣವನ್ನೂ ಹೇಳಿದೆ.

ಮಂಜಣ್ಣ ತಲೆ ಕೆರೆದುಕೊಂಡರು. "ನಾಳೆ ಕೊಡ್ತೀನಿ ಅಂತ ಸುಳ್ ಹೇಳಿ ಅಭ್ಯಾಸ ಇದೆ ಕಣಮ್ಮಾ. ಇದು ಬೇರೆ ಥರದ್ದು." ಆದರೂ ಒಪ್ಪಿದರು.

ಎಂಟು ತಿಂಗಳು, ಪ್ರತಿ ಭಾನುವಾರ, ಕಾಫಿ ಲೋಟ ಕೈಗಿಡುತ್ತ ಅತ್ತೆ ಕೇಳುತ್ತಿದ್ದರು: "ಪಾರ್ಟ್ ಬಂತಂತಾ?"

"ಇನ್ನೂ ಇಲ್ಲ ಅತ್ತೆ."

"ಹಡಗಲ್ಲಿ ಬರ್ತಿರ್ಬೇಕು, ಪಾಪ" ಎಂದು ನಗುತ್ತಿದ್ದರು. ನಾನು ಕಾಫಿ ಕುಡಿಯುತ್ತಿದ್ದೆ. ಗಾಡಿ ನಿಂತರೆ ಅಪಾಯ ಕಳೆಯಿತೆಂದು ಲೆಕ್ಕ ಹಾಕಿದವಳು ನಾನು. ಅಪಾಯ ಯಾರ ಕಣ್ಣಲ್ಲಿತ್ತೋ ಆ ಕಣ್ಣಿನ ಮಾತನ್ನು ಎತ್ತಲಿಲ್ಲ. ಎತ್ತಿದರೆ ಅವರಿಗೆ ನೋವಾಗುತ್ತದೆ ಎಂದುಕೊಂಡೆ; ನಿಜ ಹೇಳಬೇಕೆಂದರೆ, ಅವರೆದುರು ಕೂತು ಆ ಮಾತಾಡುವ ಧೈರ್ಯ ನನಗಿರಲಿಲ್ಲ.

ಮೊನ್ನೆ ಪಾರ್ಕಿಂಗಿನಿಂದ ನೇರ ಮಂಜಣ್ಣನವರ ಗ್ಯಾರೇಜಿಗೆ ಹೋದೆ. ಗಾಡಿ ನೆಟ್ಟಗೆ ನಿಂತಿತ್ತು. ಬ್ಯಾಟರಿ ಸಾಯದಿರಲೆಂದು ಅವರು ವಾರಕ್ಕೊಮ್ಮೆ ಶುರು ಮಾಡುತ್ತಾರೆ.

"ನಿಮ್ಮತ್ತೆ ಬಂದಿದ್ರು" ಎಂದರು. "ಮೂರ್ ತಿಂಗಳಾಯ್ತು. ಆಟೋದಲ್ಲಿ. ಡ್ರೈವರ್ ಸೀಟಲ್ಲಿ ಕೂತು ಸ್ಟಾರ್ಟ್ ಮಾಡಿದ್ರು. ಎಲ್ಲಾ ಸರಿ ಇದೆ ಅಂತ ಗೊತ್ತಾಗೋಯ್ತು ಅವ್ರಿಗೆ."

"ಏನಂದ್ರು?"

"'ಹುಡುಗಿಗೆ ಹೇಳ್ಬೇಡಪ್ಪಾ, ನಾಚ್ಕೋತಾಳೆ' ಅಂದ್ರು."

ಮಂಜಣ್ಣ ಸ್ಪ್ಯಾನರ್ ಒರೆಸುತ್ತ, ಹೇಳಬೇಕೋ ಬೇಡವೋ ಎಂಬಂತೆ ತಡೆದು, ಮುಂದುವರಿಸಿದರು. "ಇನ್ನೊಂದ್ ವಿಷ್ಯ ಅಮ್ಮಾ. ಬಂದಾಗ ನಾನು ಅವ್ರ ಎದುರಿಗೇ ನಿಂತಿದ್ದೆ. ನನ್ನನ್ನೇ ಕೇಳಿದ್ರು, 'ಮಂಜಣ್ಣ ಇಲ್ವೇನಪ್ಪಾ?' ಅಂತ."

ಅದಾದ ಮೇಲೂ ಹನ್ನೆರಡು ಭಾನುವಾರ ಅತ್ತೆ ನನಗೆ ಅದೇ ಪ್ರಶ್ನೆ ಕೇಳಿದ್ದರು. ನನ್ನ ಸುಳ್ಳು ಬೀಳದಂತೆ ಅವರೇ ಹಿಡಿದುಕೊಂಡಿದ್ದರು.

ಮರುದಿನ ಬೆಳಿಗ್ಗೆ ಆಫೀಸಿಗೆ ರಜೆ ಹೇಳಿ, ಆಟೋವನ್ನು ಅತ್ತೆಯ ಮನೆಯ ಗೇಟಿನ ಬಳಿ ಕಾಯಲು ಬಿಟ್ಟು ಒಳಗೆ ಹೋದೆ. ಅವರು ಏನಾದರೂ ಕೇಳುವ ಮೊದಲೇ, ಚಪ್ಪಲಿ ಕೂಡ ಬಿಡದೆ, ಹೇಳಿದೆ: "ಗಾಡಿ ಸರಿಯಾಗೇ ಇತ್ತು ಅತ್ತೆ. ನಾನೇ ನಿಲ್ಲಿಸಿದ್ದು. ಆವತ್ತೇ ನಿಮ್ಮನ್ನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕಿತ್ತು. ಈಗ್ಲಾದ್ರೂ ಬನ್ನಿ."

ಅತ್ತೆ ನನ್ನ ದನಿಯಿದ್ದ ಕಡೆ ಮುಖ ತಿರುಗಿಸಿದರು. ಆಮೇಲೆ ಸೀರೆ ಬದಲಿಸಲು ಒಳಗೆ ಹೋದರು. ಗೇಟಿನ ಹತ್ತಿರ ಅವರು ಒಂದು ಕ್ಷಣ ತಡೆದಾಗ, ನಾನು ಅವರ ಮೊಣಕೈ ಹಿಡಿದು, "ಆಟೋ ನಿಮ್ಮ ಎಡಗಡೆ ಇದೆ ಅತ್ತೆ" ಎಂದು ಜೋರಾಗಿ ಹೇಳಿದೆ.