ವಡಪಳನಿಯಲ್ಲಿ ಓದಿದ ರಂಗೂನಿನ ಕಾಗದ

ಚೆನ್ನೈನಲ್ಲಿ ಬಾಡಿಗೆ ಮನೆ ನೋಡಲು ಹೋದ ದಿನ ಮನೆಯೊಡತಿ ಕೇಳಿದ್ದು ಒಂದೇ ಪ್ರಶ್ನೆ: “ನೀಂಗ ಸೈವಮಾ?” ಆಕೆ ಹಣೆಗೆ ಕೆಂಪು ನಾಮದ ಗೆರೆ ಎಳೆದುಕೊಂಡಿದ್ದ ಅಯ್ಯಂಗಾರ್ ಹೆಂಗಸು. ಜಾತಿ ವಿಚಾರಿಸುತ್ತಿದ್ದಾರೆ ಎಂದುಕೊಂಡು, ದಾವಣಗೆರೆಯ ಲಿಂಗಾಯತರ ಮನೆಯಿಂದ ಬಂದ ನಾನು ಮುಖ ಬಿಗಿದುಕೊಂಡು “ಹೌದು, ವೀರಶೈವ” ಎಂದೆ. “ನಾಂಗಳುಂ ಸೈವಂದಾನ್” ಎಂದು ಆಕೆ ನಕ್ಕರು. ನಾವೂ ಶೈವರೇ ಅಂತೆ! ತಮಿಳಿನಲ್ಲಿ ಸೈವಂ ಎಂದರೆ ಸಸ್ಯಾಹಾರ ಎಂದು ಮನೆ ತೋರಿಸಲು ಬಂದಿದ್ದ ದಲ್ಲಾಳಿ ಬಿಡಿಸಿ ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ನಾನು ಈ ಊರಿಗೆ ಬಂದದ್ದು ಏಷ್ಯಾದ ಇತಿಹಾಸದ ಮೇಲೆ ಸಂಶೋಧನೆ ಮಾಡಲು.

ಬಂಗಾಳ ಕೊಲ್ಲಿ ದಾಟಿ ಬರ್ಮಾಕ್ಕೆ ದುಡಿಯಲು ಹೋದ ದಕ್ಷಿಣದವರ ಚರಿತ್ರೆ ನನ್ನ ವಿಷಯ. ದಿನವಿಡೀ ಪತ್ರಾಗಾರದಲ್ಲಿ ಕೂತು ಹಳೆಯ ಕಡತಗಳಲ್ಲಿ ಹಡಗು ಹತ್ತಿದವರ ಹೆಸರು ಬರೆದುಕೊಳ್ಳುತ್ತಿದ್ದೆ. ನಮ್ಮೂರಿನಲ್ಲಿ ಬೆಳಿಗ್ಗೆ ಒಗೆದ ಬಟ್ಟೆ ಮಧ್ಯಾಹ್ನಕ್ಕೆ ಗರಿಗರಿ ಒಣಗುತ್ತದೆ. ಇಲ್ಲಿ ಟವೆಲಿನ ತೇವ ಮೂರು ದಿನವಾದರೂ ಹೋಗುವುದಿಲ್ಲ. ಅಲ್ಲಿ ಮಾತಾಡದಿದ್ದರೆ ಅಕ್ಕಪಕ್ಕದವರು ಹುಷಾರಿಲ್ಲವಾ ಎಂದು ಕೇಳುತ್ತಾರೆ. ಇಲ್ಲಿ ಮೂರು ದಿನ ಬಾಯಿ ಬಿಡದೆ ಕಳೆದದ್ದುಂಟು. ಅದು ದುಃಖವಲ್ಲ. ಜ್ವರ ಬಿಟ್ಟ ಮೇಲೆ ನಾಲಿಗೆಗೆ ಏನೂ ರುಚಿಸುವುದಿಲ್ಲವಲ್ಲ, ಹಾಗೆ. ತರಕಾರಿಯವಳ ಜೊತೆ ತಮಿಳಿನಲ್ಲಿ ಚೌಕಾಸಿ ಮಾಡಿ ಗೆದ್ದ ದಿನವೂ ಸಂತೋಷ ಆಗಲಿಲ್ಲ, ಆಗಬೇಕಿತ್ತು ಎಂದು ಮಾತ್ರ ಅನ್ನಿಸಿತು.

ನಾನು ಬಂದ ಎಂಟನೇ ತಿಂಗಳಲ್ಲಿ ನನ್ನ ಮಾರ್ಗದರ್ಶಕರು ಒಂದು ವಿಳಾಸ ಕೊಟ್ಟರು. ವಡಪಳನಿಯಲ್ಲಿ ಸಣ್ಣ ಟಿಫಿನ್ ಹೋಟೆಲು ನಡೆಸುವವರ ಮನೆ. ಯಜಮಾನ ಶ್ರೀಧರ್ ಅವರ ತಾಯಿ ವನಜಾಕ್ಷಮ್ಮ ಹುಟ್ಟಿದ್ದು ರಂಗೂನಿನಲ್ಲಿ. ಅವರ ತಂದೆ ಕುಂದಾಪುರದ ಕಡೆಯಿಂದ ಹೋಗಿ ಅಲ್ಲಿ ಹೋಟೆಲು ಇಟ್ಟಿದ್ದವರು. ಬರ್ಮಾದಲ್ಲಿ ಸೈನ್ಯದ ಆಡಳಿತ ಬಂದು ಭಾರತೀಯರ ಅಂಗಡಿ ಮುಂಗಟ್ಟು ಕೈತಪ್ಪಿದಾಗ ಹೆಂಡತಿ ಮಗಳನ್ನು ಮದ್ರಾಸಿನ ಹಡಗು ಹತ್ತಿಸಿ, ಬಾಕಿ ವ್ಯವಹಾರ ಮುಗಿಸಿ ಬರುತ್ತೇನೆಂದು ತಾವು ಉಳಿದಿದ್ದರು. ಬರಲಿಲ್ಲ.

ವನಜಾಕ್ಷಮ್ಮ ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಒಂದು ಬಿಸ್ಕತ್ತಿನ ಡಬ್ಬಿಯಿಂದ ಕಾಗದವೊಂದನ್ನು ತೆಗೆದು ಕೊಟ್ಟರು. “ಅಪ್ಪಯ್ಯಂದು. ಓದು ಮಾರಾಯ್ತಿ.”

ಓದಿದೆ. ಕ್ಷೇಮ ಸಮಾಚಾರ, ಹವೆ, ಅಕ್ಕಿಯ ಅಭಾವ. ಆಮೇಲೆ: “ಇಲ್ಲಿ ನನಗೊಂದು ಸಂಸಾರವಾಗಿದೆ. ಎರಡು ಮಕ್ಕಳಿವೆ. ನನಗಾಗಿ ಕಾಯಬೇಡ. ಮಗುವಿಗೆ ಏನು ಹೇಳಬೇಕೆಂದು ನೀನೇ ಯೋಚಿಸು.” ನಡುವೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಕಡತ ಓದುವ ಅದೇ ದನಿಯಲ್ಲಿ ರುಜುವಿನ ತನಕ ಓದಿಬಿಟ್ಟೆ. ಎದುರಿಗಿದ್ದವರು ಆ ಮಗು ಎನ್ನುವುದು ಕಾಗದ ಮಡಚುವಾಗ ನೆನಪಾಯಿತು.

ವನಜಾಕ್ಷಮ್ಮ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡರು. “ಅಮ್ಮ ಇದನ್ನೇ ಏಳೆಂಟು ವರ್ಷ ಓದಿ ಹೇಳ್ತಿದ್ದಳು. ಒಂದು ಸಲ ಅಪ್ಪಯ್ಯ ಹುಷಾರಿಲ್ಲದೆ ಮಲಗಿದ್ದಾರೆ ಅಂತ. ಇನ್ನೊಂದು ಸಲ ಹಡಗಿನ ಟಿಕೆಟ್ ಸಿಗಲಿಲ್ಲ ಅಂತ. ಮೂಲೆಯಲ್ಲಿ ಶಾಯಿ ಕಲೆ ಉಂಟಲ್ಲ, ಪ್ರತೀ ಸಲ ಅದೇ ಕಲೆ. ನಂಗೆ ಗೊತ್ತಾಗಿತ್ತು. ಕೇಳಲಿಲ್ಲ.”

“ಈಗ ಯಾಕೆ ಓದಿಸಿದ್ರಿ ಅಮ್ಮ?”

“ಅಮ್ಮ ಎಂತ ಮುಚ್ಚಿಟ್ಟಳು ಅಂತ ತಿಳ್ಕೊಂಡೇ ಸಾಯುವ ಅಂತ. ಪರವಾಯಿಲ್ಲೆ, ನೀನು ಬೇಜಾರು ಮಾಡ್ಬೇಡ.”

ಅಷ್ಟರಲ್ಲಿ ಶ್ರೀಧರ್ ಕಾಫಿ ತಂದರು. ಅವರಿಗೆ ಕನ್ನಡ ಅಷ್ಟಿಷ್ಟು ತಿಳಿಯುತ್ತದೆ, ಆಡುವುದು ತಮಿಳು. “ತಾತಾ ಎನ್ನಮ್ಮಾ ಎಳುದಿರುಕ್ಕಾರು?” ತಾತ ಏನು ಬರೆದಿದ್ದಾರೆ ಎಂದು ಕೇಳಿದರು.

“ದೀಪಾವಳಿಕ್ಕು ವರೇನ್ನು ಎಳುದಿರುಕ್ಕಾರು,” ಎಂದರು ವನಜಾಕ್ಷಮ್ಮ.

ದೀಪಾವಳಿಗೆ ಬರುತ್ತೇನೆಂದು ಬರೆದಿದ್ದಾರೆ. ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿಕೊಳ್ಳದೆ ನಾನು ಪೂರ್ತಿ ಅರ್ಥ ಮಾಡಿಕೊಂಡ ಮೊದಲ ತಮಿಳು ವಾಕ್ಯ ಅದು.

“ಪಾವಂ, ವರವೇ ಇಲ್ಲೆ,” ಪಾಪ, ಬರಲೇ ಇಲ್ಲ, ಎಂದು ಶ್ರೀಧರ್ ನನ್ನ ಮುಂದೆ ಲೋಟ ಇಟ್ಟರು. ನಾನು ತಲೆ ತಗ್ಗಿಸಿಕೊಂಡು ಕುಡಿದೆ.

ಬಸ್ಸಿನಲ್ಲಿ ಅಳು ಬರಬಹುದು ಎಂದುಕೊಂಡಿದ್ದೆ. ಬರಲಿಲ್ಲ. ನಿಲ್ದಾಣ ಮಾತ್ರ ತಪ್ಪಿ ಮುಂದೆ ಹೋಗಿದ್ದೆ.

ಮಾರ್ಗದರ್ಶಕರಿಗೆ ಆ ಕಾಗದ ಬೇಕೇ ಬೇಕಾಗಿತ್ತು. “ಇದಿಲ್ಲದೆ ನಿಮ್ಮ ಮೂರನೇ ಅಧ್ಯಾಯ ನಿಲ್ಲೋದಿಲ್ಲ” ಎಂದರು. ಮತ್ತೆ ವಡಪಳನಿಗೆ ಹೋಗಿ ಅನುಮತಿ ಕೇಳಿದೆ. “ಇಂಗ್ಲಿಷಲ್ಲಿ ಬೇಡ, ಮೊಮ್ಮಕ್ಕಳು ಓದ್ತವೆ,” ಎಂದರು ವನಜಾಕ್ಷಮ್ಮ. “ಬರೀಲೇಬೇಕು ಅಂದ್ರೆ ಹೆಸರು ಬದಲಾಯಿಸಿ ಕನ್ನಡದಲ್ಲಿ ಬರಿ. ನಮ್ಮನೇಲಿ ಯಾರಿಗೂ ಕನ್ನಡ ಓದ್ಲಿಕ್ಕೆ ಬರುದಿಲ್ಲ.” ಹೇಳುವಾಗ ಅವರ ಮುಖದಲ್ಲಿ ಬೇಸರವಿರಲಿಲ್ಲ. ಒಳ್ಳೆಯ ಬೀಗ ಸಿಕ್ಕಿತು ಎನ್ನುವ ಹಾಗೆ ಹೇಳಿದರು. ಪ್ರಬಂಧದ ಮೂರನೇ ಅಧ್ಯಾಯ ಕಾಗದವಿಲ್ಲದೆ, ಸ್ವಲ್ಪ ಕುಂಟುತ್ತಲೇ ಹೋಯಿತು. ಕಾಗದದ ಕಥೆಯನ್ನು ಹೆಸರು ಬದಲಾಯಿಸಿ ನಿಮಗೆ ಬರೆದಿದ್ದೇನೆ.

ಯುಗಾದಿಗೆ ದಾವಣಗೆರೆಗೆ ಹೋದೆ. ಬಾಗಿಲು ತೆರೆದ ಅಕ್ಕ ನನ್ನನ್ನು ನೋಡಿ ನಕ್ಕು, “ಬಾ ಬಾ. ವಾಪಸ್ ಯಾವಾಗ ಹೊಂಟಿ?” ಎಂದಳು. ನಾಲ್ಕು ದಿನ ಇದ್ದು ಬಂದೆ. ಚೆನ್ನೈನಲ್ಲಿ ಮೆಟ್ಟಿಲು ಹತ್ತುತ್ತಿದ್ದಾಗ ಎದುರು ಮನೆಯವರು ಎದುರಾದರು. ಊರಿನಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಎಂದು ವಿಚಾರಿಸಿ, “ತಿರುಂಬ ಎಪ್ಪೋ ಪೋರೆ?” ಎಂದರು. ಮತ್ತೆ ಯಾವಾಗ ಹೋಗುತ್ತೀ?

ಇಬ್ಬರೂ ಅಕ್ಕರೆಯಿಂದಲೇ ಕೇಳಿದ್ದು. ಎರಡು ಸಲವೂ ನಾನಿನ್ನೂ ಕೈಯಲ್ಲಿದ್ದ ಚೀಲ ಕೆಳಗಿಟ್ಟಿರಲಿಲ್ಲ.