ಪಕ್ಷ ಸೇರದ ಕೂಸು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೈದಾನದಲ್ಲಿ ಜನರ ಸುಳಿವಿಲ್ಲ, ಮಡಚಿಟ್ಟ ಕುರ್ಚಿಗಳಷ್ಟೇ ಇವೆ. ವೇದಿಕೆಯ ಪಕ್ಕದ ಮೇಜಿನ ಹಿಂದೆ ನಿಂತ ಮಹಿಳೆಯೊಬ್ಬರು ಮೈಕಿನ ತಲೆ ತಟ್ಟಿ "ಹಲೋ, ಒಂದು, ಎರಡು, ಮೂರು" ಎನ್ನುತ್ತಾರೆ. ತಲೆ ಓರೆ ಮಾಡಿ ಆಲಿಸುತ್ತಾರೆ. ಒಂದು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಎಣಿಸುತ್ತಾರೆ. ಅವರ ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿಕೊಂಡ ಹೆಣ್ಣು ಕೂಸು, ಸದ್ದು ತಡೆಯುವ ದಪ್ಪನೆಯ ಕಿವಿಮುಚ್ಚಳ ಹಾಕಿಕೊಂಡು, ಅಮ್ಮನ ಜಡೆಯನ್ನು ಮನಸಾರೆ ಜಗಿಯುತ್ತಿದೆ.

ಈಕೆಯನ್ನು ಎಲ್ಲರೂ ಕರೆಯುವುದು ಮೈಕಕ್ಕ ಎಂದು. ಅಪ್ಪನ ಕಾಲದ ಮೈಕ್ ಸೆಟ್ ಅಂಗಡಿ. ಅಪ್ಪನ ಮಂಡಿ ಕೈಕೊಟ್ಟ ಮೇಲೆ ವೈರು, ಪೆಟ್ಟಿಗೆ, ವ್ಯಾನಿನ ಕೀಲಿ ಎಲ್ಲವೂ ಮಗಳ ಪಾಲಿಗೆ ಬಂದವು. ಕೂಸಿನ ಅಡ್ಡಹೆಸರು ಬ್ಯಾಟರಿ. "ಹಗಲೆಲ್ಲ ನಿದ್ದೆ ಮಾಡಿ ಚಾರ್ಜ್ ಆಗ್ತಾಳೆ, ನಾವು ಮಲಗೋ ಹೊತ್ತಿಗೆ ಆನ್ ಆಗ್ತಾಳೆ" ಎಂದು ತಾಯಿ ನಗುತ್ತಾರೆ.

ಇಷ್ಟು ಗದ್ದಲಕ್ಕೆ ಎಳೆಕೂಸನ್ನು ತರುವುದೇ ಎಂದು ಕೇಳದವರಿಲ್ಲ. ಪತ್ರಿಕೆಗೆ ಬರೆಯಲೆಂದು ಬಂದ ನಾನೂ ಕೇಳಿದೆ, ಕೇಳಿ ಬೈಸಿಕೊಂಡೆ. "ಹಾಲು ಕುಡಿಯೋ ಮಗೂನ ಬಿಟ್ಟು ಬರೋಕೆ ಅದೇನು ಛತ್ರೀನಾ ಸ್ವಾಮಿ? ನಮ್ಮನೆಯವರು ನಸುಕಲ್ಲೇ ಬ್ರೆಡ್ ವ್ಯಾನ್ ತಗೊಂಡು ಹೋಗ್ತಾರೆ. ಅತ್ತೆಗೆ ಕಣ್ಣಿನ ಆಪರೇಷನ್ ಆಗಿದೆ, ಭಾರ ಎತ್ತೋ ಹಾಗಿಲ್ಲ. ಇನ್ಯಾರು ನೋಡ್ಕೋತಾರೆ, ನೀವು ನೋಡ್ಕೋತೀರಾ?"

ಮೈಕಕ್ಕನಿಗೆ ಎಲ್ಲ ಪಕ್ಷಗಳೂ ಒಂದೇ. ಇವತ್ತು ಇವರ ಸಭೆ, ನಾಳೆ ಅವರದ್ದು. ಚುನಾವಣೆ ಬಂತೆಂದರೆ ಕೈತುಂಬ ಕೆಲಸ, ಆ ಒಂದು ಸುಗ್ಗಿಯಲ್ಲೇ ಮನೆಯ ವರ್ಷ ಸಾಗಬೇಕು. ಕಳೆದ ತಿಂಗಳವರೆಗೆ ಹಾಗೇ ಸಾಗುತ್ತಿತ್ತು.

ಅವತ್ತು ಇಲ್ಲಿನ ಎರಡು ಪಕ್ಷಗಳಲ್ಲಿ ಒಂದರ ಸಭೆ, ಅದನ್ನು ಮೊದಲ ಪಕ್ಷ ಎನ್ನೋಣ. ವೇದಿಕೆಯ ಕೆಳಗೆ ವೈರೊಂದು ಕಿತ್ತುಬಂತು. ಬೆನ್ನಿನ ಮೇಲೆ ಕೂಸಿದ್ದರೆ ಅಲ್ಲಿ ತೆವಳಲಾಗದು ಎಂದು, ಪಕ್ಕದಲ್ಲಿದ್ದ ಕಾರ್ಯಕರ್ತೆಯ ಕೈಗೆ ಕೊಟ್ಟು ಕೆಳಗೆ ನುಸುಳಿದರು. ಮಗು ಎತ್ತುವುದರಲ್ಲಿ ಆ ಪಕ್ಷದ ನಾಯಕರದು ಎತ್ತಿದ ಕೈ. ಫೋಟೊಕ್ಕೊಂದು ಮಗು ಬೇಕೆಂದು ವೇದಿಕೆಯ ಮೇಲಿನವರು ಹುಡುಕುತ್ತಿದ್ದರು, ಕಾರ್ಯಕರ್ತೆಯ ಕಂಕುಳಲ್ಲೇ ಒಂದು ಸಿಕ್ಕಿತು.

"ಹೊರಗೆ ಬಂದು ನೋಡ್ತೀನಿ, ಮಗು ಇಲ್ಲ. ಸ್ಟೇಜ್ ಮೇಲೆ ನೋಡಿದ್ರೆ ನಾಯಕರ ಕೈಯಲ್ಲಿ ಗಾಳೀಲಿದಾಳೆ, ಕಿರುಚಿ ಅಳ್ತಿದಾಳೆ. ಜನ ಚಪ್ಪಾಳೆ ತಟ್ತಾ ಇದಾರೆ" ಎನ್ನುತ್ತಾ ಈಕೆ ಕೂಸು ಕಟ್ಟಿದ ಬಟ್ಟೆಯ ಗಂಟನ್ನು ಮತ್ತೊಮ್ಮೆ ಬಿಗಿ ಮಾಡುತ್ತಾರೆ.

ಅಳು ಶುರುವಾಗುವ ಮೊದಲೇ ತೆಗೆದ ಫೋಟೊ ಊರಿನ ಗೋಡೆಗಳಿಗೆಲ್ಲ ಅಂಟಿತು. ಇನ್ನೂ ಹಲ್ಲು ಬರದ ಬ್ಯಾಟರಿ ಪಕ್ಷ ಸೇರಿಬಿಟ್ಟಳು! "ನಮ್ಮ ಮನೆತನದಲ್ಲೇ ಮೊದಲ ರಾಜಕಾರಣಿ" ಎಂದು ಅತ್ತೆ ತಮಾಷೆ ಮಾಡಿದರು. ಆದರೆ ಎರಡನೇ ಪಕ್ಷದವರಿಗೆ ತಮಾಷೆ ಅನ್ನಿಸಲಿಲ್ಲ. ಈ ಮೈಕಿನವಳು ಅವರ ಕಡೆಯವಳು, ನಮ್ಮ ಭಾಷಣ ಕೆಡಿಸುತ್ತಾಳೆ ಎಂದು ಒಪ್ಪಿಸಿದ್ದ ಸಭೆಗಳನ್ನೆಲ್ಲ ರದ್ದು ಮಾಡಿದರು. ಮೊದಲ ಪಕ್ಷದವರಾದರೂ ಕರೆದರೇ? ಅವರಿಗೆ ಬೇಕಿದ್ದದ್ದು ಫೋಟೊ, ಅದು ಸಿಕ್ಕಾಗಿತ್ತು.

ಇವತ್ತಿನದು ಎರಡನೇ ಪಕ್ಷದ ಸಭೆ. ಈಕೆಯನ್ನು ಮತ್ತೆ ಕರೆದದ್ದು ಯಾಕೆಂದು ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಕುರ್ಚಿ ಹರಡುವ ಹೊತ್ತಿಗೆ ಸಭೆಯ ಮ್ಯಾನೇಜರ್ ನಗುನಗುತ್ತಾ ಬಂದು ಮೇಜಿನ ಮೇಲೊಂದು ಪುಟಾಣಿ ಫ್ರಾಕ್ ಇಡುತ್ತಾರೆ, ತಮ್ಮ ಪಕ್ಷದ ಬಣ್ಣದ್ದು.

"ಒಂದೇ ನಿಮಿಷ ತಾಯಿ. ನಮ್ಮ ಸಾಹೇಬ್ರೂ ಒಂದ್ಸಲ ಎತ್ಕೋತಾರೆ. ಮಗು ನಮ್ಮ ಕಡೆ ಬಂತು ಅಂತ ಅನೌನ್ಸ್ ಮಾಡ್ತೀವಿ. ಇನ್ಮುಂದೆ ಎಲ್ಲಾ ಸಭೇನೂ ನಿಮಗೇ."

ಹಾಲು ಕುಡಿಯುವ ಕೂಸಿನಿಂದ ಪಕ್ಷಾಂತರ ಮಾಡಿಸುವ ಕಾಲ ಬಂತಲ್ಲ ಎಂದು ನಾನು ಹಲ್ಲು ಕಚ್ಚುತ್ತೇನೆ. ಈಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮ್ಯಾನೇಜರ್ ಅದನ್ನೇ ಒಪ್ಪಿಗೆ ಎಂದುಕೊಂಡು ಹೊರಟುಹೋಗುತ್ತಾರೆ.

ಮೇಜಿನ ಕೆಳಗೆ ಕುಳಿತು ಮಗುವಿಗೆ ಹಾಲೂಡಿಸುತ್ತಾ ಈಕೆ ಮೆಲ್ಲಗೆ ಹೇಳುತ್ತಾರೆ: "ಕೊಟ್ಬಿಡೋಣ ಅನ್ಸತ್ತೆ. ಒಂದು ನಿಮಿಷದ್ದು, ಏನು ಸವೆದುಹೋಗ್ತಾಳಾ? ಅಪ್ಪನ ಅಂಗಡಿ ಉಳಿಯತ್ತೆ." ಮಗುವನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿಕೊಳ್ಳುತ್ತಾರೆ. "ಆದ್ರೆ ನೋಡಿ, ಅವತ್ತು ನನ್ನ ಕೇಳದೇ ಎತ್ಕೊಂಡ್ರು. ಇವತ್ತು ನಾನಾಗೇ ಕೊಟ್ರೆ, ಅವತ್ತಿಂದೂ ನಾನೇ ಕೊಟ್ಟ ಹಾಗಾಗಲ್ವಾ?"

ಬಿಸಿಲೇರುತ್ತದೆ, ಮೈದಾನ ತುಂಬುತ್ತದೆ. ನಾಯಕರು ಬರುತ್ತಾರೆ. ಮ್ಯಾನೇಜರ್ ಮೈಕ್ ಹಿಡಿದು ಗಂಟಲು ಸರಿಮಾಡಿಕೊಳ್ಳುತ್ತಾರೆ: "ಬಂಧುಗಳೇ, ಗೋಡೆಗೋಡೆಯ ಮೇಲೆ ನೀವು ನೋಡಿದ ಆ ಮುದ್ದು ಮಗು ಇವತ್ತು ನಮ್ಮ ಪಕ್ಷಕ್ಕೆ ಬಂದಿದೆ! ಮಗುವಿನ ತಾಯಿ ವೇದಿಕೆಗೆ ಬರಬೇಕು!" ನಾಯಕರು ಆಗಲೇ ಎರಡೂ ಕೈ ಚಾಚಿ ನಿಂತಿದ್ದಾರೆ.

ಮೈಕಕ್ಕನ ಬೆರಳಡಿಯಲ್ಲೇ ಆ ಮೈಕಿನ ಗುಂಡಿ ಇದೆ. ತಿರುಗಿಸಿ ಸದ್ದು ತಗ್ಗಿಸಿದರೆ ಮ್ಯಾನೇಜರ್ ಬರೀ ಬಾಯಿ ಆಡಿಸಬೇಕಾಗುತ್ತದೆ. ಈಕೆ ಅದನ್ನು ಮುಟ್ಟುವುದಿಲ್ಲ. ಅವರ ಮಾತು ಪೂರ್ತಿ ಮುಗಿಯಲೆಂದು ಕಾಯುತ್ತಾರೆ. ಆಮೇಲೆ ಮೇಜಿನ ಮೇಲಿದ್ದ, ಪರೀಕ್ಷೆಗೆಂದು ಇಟ್ಟುಕೊಂಡ ಮೈಕನ್ನು ಬಾಯಿಯ ಹತ್ತಿರ ತರುತ್ತಾರೆ.

"ಹಲೋ. ಮಗುವಿನ ತಾಯಿ ಮಾತಾಡ್ತಿದೀನಿ. ಇವಳು ಯಾವ ಪಕ್ಷಾನೂ ಸೇರಿಲ್ಲ. ಅವತ್ತೂ ಸೇರಿರಲಿಲ್ಲ, ಇವತ್ತೂ ಸೇರಲ್ಲ. ಕೆಲಸಕ್ಕೆ ಬಂದಿರೋ ಅಮ್ಮನ ಜೊತೆ ಬಂದಿದಾಳೆ, ಅಷ್ಟೇ. ಸಾಹೇಬ್ರು ಭಾಷಣ ಶುರು ಮಾಡಬಹುದು."

ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ನಗು ಹಿಂದಕ್ಕೆ ಹಿಂದಕ್ಕೆ ಹರಡಿತು. ನಾಯಕರು ಚಾಚಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಜನರಿಗೆ ಕೈಮುಗಿದುಬಿಟ್ಟರು.

ಮ್ಯಾನೇಜರ್ ದಡದಡ ಇಳಿದು ಬರುತ್ತಾರೆ, ಮುಖ ಕೆಂಪಡರಿದೆ. ಫ್ರಾಕನ್ನು ಸೆಳೆದುಕೊಂಡು, "ನಾಳೆಯಿಂದ ಬರೋದು ಬೇಡ" ಎನ್ನುತ್ತಾರೆ.

"ಆಯ್ತು. ಇವತ್ತಿಂದು ಮುಗ್ಸಿ ಹೋಗ್ತೀನಿ."

ದಿನವೂ ಭಾಷಣ ಮಾಡಿ ನಾಯಕರ ಗಂಟಲು ಕಟ್ಟಿದೆ, ಮಾತು ಕುಸಿದು ಕುಸಿದು ಬರುತ್ತಿದೆ. ಕುಸಿದಾಗಲೆಲ್ಲ ಮೈಕಕ್ಕ ಬೆರಳತುದಿಯಲ್ಲಿ ಅದನ್ನು ಎತ್ತಿಹಿಡಿಯುತ್ತಾರೆ. ಕಣ್ಣಲ್ಲಿ ನೀರು ತುಂಬಿದೆ, ಒರೆಸಿಕೊಳ್ಳಲು ಕೈ ಬಿಡುವಿಲ್ಲ.

ಸಭೆ ಮುಗಿದು ವೈರು ಸುತ್ತುವಾಗ, ಮುಂದೇನು ಎಂದು ಕೇಳುತ್ತೇನೆ. "ಹೋದ್ರೆ ಹೋಗ್ಲಿ ಅನ್ನೋಕೆ ನಾನೇನು ದೊಡ್ಡ ಮನುಷ್ಯಳಲ್ಲ. ಹೆದರಿಕೆ ಆಗ್ತಿದೆ. ಮದುವೆ ಮನೆ, ಶಾಲೆ ಫಂಕ್ಷನ್ನು, ಏನೋ ನೋಡ್ಬೇಕು." ನನ್ನ ಪೆನ್ನಿನ ಕಡೆ ಕಣ್ಣು ಹೋಗುತ್ತದೆ. "ಧೈರ್ಯ ಗೀರ್ಯ ಅಂತೆಲ್ಲ ಬರೀಬೇಡಿ. ಬರೀಲೇಬೇಕು ಅಂದ್ರೆ ಒಂದು ಬರೀರಿ. ನಾಳೆ ಬರಬೇಡ ಅಂದ ಮೇಲೂ, ಅವರ ಭಾಷಣ ಕಟ್ಟಕಡೇ ಸಾಲಲ್ಲಿ ಕೂತಿದ್ದ ಅಜ್ಜಂಗೂ ಒಂದಕ್ಷರ ಬಿಡದೆ ಕೇಳಿಸ್ತು. ಸಭೆ ಮುಗಿದ ಮೇಲೆ ನಾನೇ ಹೋಗಿ ಅಜ್ಜನ್ನ ಕೇಳ್ಕೊಂಡು ಬಂದಿದೀನಿ."