ಚೆಲ್ಲಲು ಬಿಡದ ಹಳದಿ ಹಾಲು
1967ರ ಸುಮಾರಿನಲ್ಲಿ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಕೂಸು ಹುಟ್ಟಿದರೆ, ನೆಂಟರಿಗಿಂತ ಮೊದಲು ನರ್ಸ್ ಜಗದಾಂಬಾ ಹಾಜರಾಗುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಕೇಳುವಳು, "ಮೊದಲ ಹಾಲು ಚೆಲ್ಲಲಿಲ್ಲ ತಾನೆ?" ಹೆರಿಗೆಯಾದೊಡನೆ ಬರುವ ಆ ಹಳದಿ ಹಾಲು ಕೂಸಿಗೆ ಆಗಿಬರಲ್ಲವೆಂದು ಅಜ್ಜಿಯರು ಮೂಗು ಮುರಿದರೆ, "ಅದರಲ್ಲಿ ಪ್ರತಿಕಾಯಗಳಿರ್ತವೆ ಅಜ್ಜಮ್ಮ. ಭೇದಿ ತರೋ ರೋಗಾಣುಗಳು ಕೂಸಿನ ಕರುಳಿನ ಗೋಡೆಗೆ ಅಂಟದ ಹಾಗೆ ತಡೀತವೆ" ಎನ್ನುವಳು. ಕೂಸು ಹಾಲು ಕುಡಿಯುವವರೆಗೆ ಕೂತ ಜಾಗ ಬಿಟ್ಟು ಏಳುವವಳಲ್ಲ; ಅಷ್ಟರಲ್ಲಿ ಆ ಮನೆಯ ಚಕ್ಕುಲಿ ಡಬ್ಬಿ ಅರ್ಧ ಖಾಲಿ. ಅದಕ್ಕೂ ಬಗ್ಗದ ಅಜ್ಜಿಯರಿಗೆ, ಜೊತೆಗೆ ಬಂದಿರುತ್ತಿದ್ದ ಅವಳ ಅತ್ತೆ ಬಸವರಾಜೇಶ್ವರಿ ಮೆಲ್ಲಗೆ ಹೇಳುತ್ತಿದ್ದರು: "ಇವಳ ಚೊಚ್ಚಲ ಕೂಸಿಗೆ ಆ ಹಾಲು ತಪ್ಪಿಸಿದವಳು ನಾನೇ ಕಣವ್ವ. ಭೇದಿಯಾಗಿ ತಿಂಗಳೊಳಗೆ ಹೋಯ್ತು." ಅಜ್ಜಿ ಎದ್ದು ಕೂಸನ್ನು ತಾಯಿಯ ಎದೆಗಿಡುವವರೆಗೆ ಜಗದಾಂಬಾ ಅತ್ತೆಯ ಕೈ ಹಿಡಿದೇ ಕೂತಿರುತ್ತಿದ್ದಳು.